ಅಗೆಯುವ ಮುನ್ನ ಕೇಬಲ್ಲು ಹುಡುಕಿರಿ

ಶಿವಯೋಗ ಮಂದಿರದ ಸುತ್ತಿನ ಮಲಪ್ರಭಾ ದಂಡೆಯಲ್ಲಿ ನಿಮ್ಮ ಪಂಪಿಗೆ ಹೋಗುವ ಕೇಬಲ್ಲನ್ನು ಎಂದೋ ಹೂಳಿದ್ದರೆ, ಅದು ಹೊಲದಲ್ಲಿ ಎಲ್ಲಿ ತಿರುಗಿದೆಯೆಂದು ಈಗ ಹೇಳಬಲ್ಲಿರಾ? ಪೈಪ್‌ಲೈನಿಗೆಂದು ಜೆಸಿಬಿ ತರಿಸುವ ಮೊದಲು ಇದು ಗೊತ್ತಿರಬೇಕು.

ಇದಕ್ಕೆ ಕೇಬಲ್ ಶೋಧಕವೆಂಬ ಯಂತ್ರವಿದೆ. ಮೊದಲು ಲೈನ್‌ಮನ್ನನಿಂದ ವಿದ್ಯುತ್ ತೆಗೆಸಿ, ಕೇಬಲ್ಲಿನ ಎರಡೂ ತುದಿ ಬಿಚ್ಚಿಸಿರಿ. ಸಂಕೇತ ಕಳಿಸುವ ಪೆಟ್ಟಿಗೆಯ ಒಂದು ತಂತಿ ಕೇಬಲ್ಲಿನ ಎಳೆಗೆ, ಇನ್ನೊಂದು ಪಕ್ಕಕ್ಕೆ ದೂರದಲ್ಲಿ ನೆಟ್ಟ ಕಬ್ಬಿಣದ ಸರಳಿಗೆ. ಆ ಎಳೆಯ ಆಚೆ ತುದಿಯನ್ನೂ ನೆಲಕ್ಕೆ ಜೋಡಿಸಬೇಕು. ಗ್ರಾಹಕವನ್ನು ಕೈಯಲ್ಲಿ ಹಿಡಿದು ಅಡ್ಡಡ್ಡ ನಡೆದರೆ ಕೇಬಲ್ಲಿನ ನೆತ್ತಿಗೆ ಬಂದಾಗ ಸದ್ದು ಏರುತ್ತದೆ. ಅಲ್ಲಲ್ಲಿ ಗೂಟ ಹೊಡೆಯುತ್ತ ಸಾಗಿರಿ. ಸದ್ದು ಒಮ್ಮೆಲೆ ಕುಗ್ಗಿದರೆ ಕೇಬಲ್ಲು ಅಲ್ಲಿ ಹರಿದಿರಬಹುದು, ಇಲ್ಲವೆ ಆಳಕ್ಕಿಳಿದಿರಬಹುದು. ಎರೆ ಹೊಲ ಬೇಸಿಗೆಯಲ್ಲಿ ಬಿರಿದಾಗ ಕೇಬಲ್ಲೂ ಜಗ್ಗುತ್ತದೆ.

ಮೋಟರು ಓಡುವಾಗಲೇ ಹುಡುಕಿದರಾಯಿತು ಎನ್ನುವವರುಂಟು. ಮೂರು ಫೇಸಿನ ಎಳೆಗಳು ಒಂದರ ಪ್ರಭಾವವನ್ನೊಂದು ಅಳಿಸುವುದರಿಂದ ಸದ್ದು ತೀರ ಕ್ಷೀಣ. ಸದ್ದಿಲ್ಲವೆಂದು ಹಾರೆ ಹಾಕಿದರೆ ಪ್ರಾಣಕ್ಕೇ ಸಂಚಕಾರ.

ರಸ್ತೆ ಬದಿಯ ಆಪ್ಟಿಕಲ್ ಫೈಬರಿನ ಕಥೆ ಬೇರೆ. ಅದು ಗಾಜಿನ ಎಳೆ. ಲೋಹದ ಕವಚವಾಗಲಿ ಜೊತೆತಂತಿಯಾಗಲಿ ಇಲ್ಲದಿದ್ದರೆ ಯಂತ್ರಕ್ಕೆ ಸಿಗದು. ಅಂಥಲ್ಲಿ ಅಗೆಯುವ ವಿಷಯವನ್ನು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ಆರಂಭಿಸಿದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪಿನಲ್ಲಿ ಮುಂಚೆಯೇ ತಿಳಿಸಿರಿ.

ಒಬ್ಬೊಬ್ಬ ರೈತ ಇಂಥ ಯಂತ್ರ ಕೊಳ್ಳುವುದು ವ್ಯರ್ಥ ಖರ್ಚು. ಸಹಕಾರಿ ಸಂಘ ಒಂದನ್ನಿಟ್ಟು ಬಾಡಿಗೆಗೆ ಕೊಡಲಿ, ಕೇಳಬೇಕಾದವರು ನೀವು. ಗುರುತು ಸಿಕ್ಕ ಮೇಲೆಯೂ ಗೂಟದ ಅಕ್ಕಪಕ್ಕ ಜೆಸಿಬಿ ಬೇಡ, ಸಲಿಕೆಯಿಂದ ಮೆಲ್ಲನೆ ತೆಗೆಯಿರಿ. ಬದುವಿನ ಕಲ್ಲಿನಿಂದ ಪ್ರತಿ ಗೂಟದ ದೂರವನ್ನಳೆದು ಬರೆದ ಚೀಟಿಯನ್ನು ಸ್ಟಾರ್ಟರ್ ಡಬ್ಬಿಯ ಬಾಗಿಲ ಒಳಗೆ ಅಂಟಿಸಿರಿ.