ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟೆ



ಈ ಮಳೆಗಾಲದಲ್ಲಿ ಪುತ್ತೂರಿನ ಮಗಳ ಮನೆಯಲ್ಲಿ ಹದಿನೈದು ದಿನ ಇದ್ದೆ. ಮೊಮ್ಮಗಳು ಪದವಿ ತರಗತಿಯಲ್ಲಿ ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದಾಳೆ. ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯನ್ನು ನನ್ನ ಕೈಗಿಟ್ಟು, "ಅಜ್ಜ, ಇದನ್ನು ಓದಿ, ಆಮೇಲೆ ಮಾತಾಡುವ" ಅಂದಳು. ಹೊರಗೆ ಕಾಲಿಡಲಾಗದ ಮಳೆ. ನಾಲ್ಕು ರಾತ್ರಿಗಳಲ್ಲಿ ಓದಿ ಮುಗಿಸಿದೆ.

1960ರಲ್ಲಿ ಪ್ರಕಟವಾದ ಈ ಕಾದಂಬರಿಯ ಕಥೆ ನಡೆಯುವುದು 1930ರ ದಶಕದ ಅಮೆರಿಕದ ಅಲಬಾಮಾ ರಾಜ್ಯದಲ್ಲಿ. ಟಾಮ್ ರಾಬಿನ್ಸನ್ ಎಂಬ ಕಪ್ಪು ಕೂಲಿಕಾರನ ಮೇಲೆ ಬಿಳಿಯ ಯುವತಿಯೊಬ್ಬಳ ಅತ್ಯಾಚಾರದ ಆರೋಪ. ಅವನ ವಕೀಲ ಆಟಿಕಸ್ ಫಿಂಚ್ ನ್ಯಾಯಾಲಯದಲ್ಲಿ ಒಂದೊಂದೇ ಸಂಗತಿಯನ್ನು ಅಳತೆ ಹಿಡಿದಂತೆ ಮುಂದಿಡುತ್ತಾನೆ. ಪೆಟ್ಟು ಬಿದ್ದದ್ದು ಆಕೆಯ ಮುಖದ ಬಲಭಾಗಕ್ಕೆ. ಎದುರು ನಿಂತು ಹೊಡೆದವನು ಎಡಗೈಯವನಾಗಿರಬೇಕು. ಟಾಮನ ಎಡಗೈ ಬಾಲ್ಯದಲ್ಲೇ ಹತ್ತಿಯ ಯಂತ್ರಕ್ಕೆ ಸಿಕ್ಕಿ ನಿಷ್ಪ್ರಯೋಜಕವಾಗಿದೆ. ದೂರು ಕೊಟ್ಟ ತಂದೆಯೇ ಎಡಗೈಯವನು. ಲೆಕ್ಕ ಇಷ್ಟು ಸರಳ. ಆದರೂ ಹನ್ನೆರಡು ಮಂದಿ ಬಿಳಿಯ ಜ್ಯೂರಿಗಳು ಟಾಮನನ್ನೇ ಅಪರಾಧಿ ಎನ್ನುತ್ತಾರೆ. ಕೊನೆಗೆ ಸೆರೆಯಿಂದ ಓಡಲು ಯತ್ನಿಸಿದ ಅವನು ಗುಂಡೇಟಿಗೆ ಸಾಯುತ್ತಾನೆ.

ಮೊಮ್ಮಗಳ ಪ್ರಶ್ನೆ ಇದು: "ಅಜ್ಜ, ಆ ಹನ್ನೆರಡು ಜನಕ್ಕೆ ಸತ್ಯ ಗೊತ್ತಾಗಲೇ ಇಲ್ವಾ?"

"ಅದು ಕಥೆಯಮ್ಮಾ" ಎಂದು ಜಾರಿಕೊಳ್ಳಲು ನೋಡಿದೆ. ಆದರೆ ಕಥೆಗಿಂತ ನಿಜವೇ ಕಠೋರ. 1931ರ ಮಾರ್ಚ್ 25ರಂದು ಅದೇ ಅಲಬಾಮಾದಲ್ಲಿ ಗೂಡ್ಸ್ ರೈಲಿನಿಂದ ಒಂಬತ್ತು ಮಂದಿ ಕಪ್ಪು ಹುಡುಗರನ್ನು ಇಳಿಸಿ ಇಂಥದೇ ಆರೋಪ ಹೊರಿಸಿದರು. ಎರಡೇ ವಾರಗಳಲ್ಲಿ ಸ್ಕಾಟ್ಸ್‌ಬರೋ ಪಟ್ಟಣದಲ್ಲಿ ವಿಚಾರಣೆ ಮುಗಿದು ಎಂಟು ಮಂದಿಗೆ ಮರಣದಂಡನೆಯಾಯಿತು. ಮುಂದೆ ದೂರುದಾರರಲ್ಲಿ ಒಬ್ಬಾಕೆಯೇ ಅಂಥದ್ದೇನೂ ನಡೆದಿಲ್ಲವೆಂದು ಸಾಕ್ಷಿ ನುಡಿದರೂ ಜ್ಯೂರಿ ಕದಲಲಿಲ್ಲ. ಆ ತೀರ್ಪನ್ನು 1933ರಲ್ಲಿ ರದ್ದು ಮಾಡಿದ ಜೇಮ್ಸ್ ಹಾರ್ಟನ್ ಎಂಬ ನ್ಯಾಯಾಧೀಶರು ಮರುವರ್ಷದ ಚುನಾವಣೆಯಲ್ಲಿ ಹುದ್ದೆಯನ್ನೇ ಕಳೆದುಕೊಂಡರು. ಯಾರನ್ನೂ ಗಲ್ಲಿಗೇರಿಸಲಿಲ್ಲ ಎಂಬುದೊಂದೇ ಸಮಾಧಾನ. ಆ ಹುಡುಗರ ಯೌವನವೆಲ್ಲ ಸೆರೆಮನೆಗಳಲ್ಲಿ ಕಳೆಯಿತು. ಕಳಂಕ ಉಳಿದಿದ್ದ ಕೊನೆಯ ಮೂವರಿಗೆ ಅಲಬಾಮಾ ಕ್ಷಮಾದಾನ ಕೊಟ್ಟದ್ದು 2013ರಲ್ಲಿ. ಆಗ ಅವರಲ್ಲಿ ಯಾರೂ ಬದುಕಿರಲಿಲ್ಲ.

ನಮ್ಮಲ್ಲಿ ಕಪ್ಪು ಬಿಳುಪಿನ ಜಗಳವಿಲ್ಲ, ಜ್ಯೂರಿಯೂ ಇಲ್ಲ ಎಂದು ಸಮಾಧಾನಪಡಬಹುದು. ಜ್ಯೂರಿ ಪದ್ಧತಿಗೆ ನಮ್ಮ ದೇಶ 1973ರ ದಂಡ ಪ್ರಕ್ರಿಯಾ ಸಂಹಿತೆಯೊಂದಿಗೆ ವಿದಾಯ ಹೇಳಿತು. ಆದರೆ ಜ್ಯೂರಿ ನಿಜವಾಗಿ ಹೋಯಿತೇ? ನನ್ನ ಅನುಭವದಲ್ಲಿ ಅದು ನ್ಯಾಯಾಲಯದ ಒಳಗಿನಿಂದ ಎದ್ದು ಊರಿನ ಕಟ್ಟೆಯ ಮೇಲೆ ಬಂದು ಕೂತಿದೆ. ದೂರು ದಾಖಲಾಗಬೇಕೇ ಬೇಡವೇ, ಮಹಜರಿಗೆ ಪಂಚರಾಗಿ ಸಹಿ ಹಾಕುವವರು ಯಾರು, ಕಂಡದ್ದನ್ನು ಕಂಡಂತೆ ಹೇಳುವವರು ಯಾರು, ಇದೆಲ್ಲ ನಿರ್ಧಾರವಾಗುವುದು ಅಲ್ಲಿ. ಕಡತ ನ್ಯಾಯಾಧೀಶರ ಮೇಜಿಗೆ ಬರುವಷ್ಟರಲ್ಲಿ ಅರ್ಧ ತೀರ್ಪು ಆಗಿಹೋಗಿರುತ್ತದೆ. ತಳಪಾಯ ಕುಸಿದ ಕಟ್ಟಡಕ್ಕೆ ಮೇಲಿನ ಅಂತಸ್ತಿನಲ್ಲಿ ಎಷ್ಟು ಒಳ್ಳೆಯ ಕೆಲಸ ಮಾಡಿದರೇನು?

ಕಂಬಾಲಪಲ್ಲಿಯನ್ನು ನೆನೆಯಿರಿ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೇ ಸುಟ್ಟು ಕೊಂದರು. ನಾಡೇ ತಲೆತಗ್ಗಿಸಿತು. ಮಂತ್ರಿಗಳು ಬಂದರು, ಪರಿಹಾರ ಬಂತು. ಆದರೆ ವಿಚಾರಣೆ ವರ್ಷಗಟ್ಟಲೆ ಎಳೆಯಿತು, ಸಾಕ್ಷಿಗಳು ಒಬ್ಬರ ಹಿಂದೊಬ್ಬರು ಪ್ರತಿಕೂಲರಾದರು. 2006ರಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟುಹೋದದ್ದು ಸತ್ಯ, ಆದರೆ ಕಾನೂನಿನ ಕಣ್ಣಿಗೆ ಅವರನ್ನು ಸುಟ್ಟವರು ಯಾರೂ ಇಲ್ಲ. ನ್ಯಾಯಾಧೀಶರು ತಮ್ಮ ಮುಂದಿರುವ ಸಾಕ್ಷ್ಯವನ್ನಷ್ಟೇ ತೂಗಬಲ್ಲರು. ತಕ್ಕಡಿಗೆ ಏನನ್ನೂ ಹಾಕದೆ ಹೋದವರು ಊರಿನವರು.

ಇದಕ್ಕೆ ಪ್ರತಿಯಾಗಿ ಕೊಪ್ಪಳ ಜಿಲ್ಲೆಯ ಮರಕುಂಬಿಯಿದೆ. 2014ರ ಆಗಸ್ಟಿನಲ್ಲಿ ಅಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ, ಹೋಟೆಲುಗಳಿಗೆ ಅವರಿಗೆ ಪ್ರವೇಶವಿಲ್ಲವೆಂಬ ತಕರಾರು ಅದರ ಹಿಂದಿತ್ತು. ಹತ್ತು ವರ್ಷಗಳ ಬಳಿಕ, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಬಳಿಕ ಅವರಲ್ಲಿ ಹೆಚ್ಚಿನವರಿಗೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಅಂತಿಮ ಮಾತು ಹೇಳುವುದು ನ್ಯಾಯಾಲಯದ ಕೆಲಸ. ನಾನು ಗಮನಿಸುವುದು ಒಂದನ್ನೇ: ಹತ್ತು ವರ್ಷ ಕಳೆದರೂ ಕಟಕಟೆ ಹತ್ತಿ ಮಾತಾಡುವವರು ಅಲ್ಲಿ ಉಳಿದಿದ್ದರು. ಎರಡೂ ಕಡೆ ಕಾನೂನು ಒಂದೇ, 1989ರ ದೌರ್ಜನ್ಯ ತಡೆ ಕಾಯ್ದೆ. ಫಲ ಮಾತ್ರ ಬೇರೆ.

ಇಷ್ಟು ಬರೆದು ಲೇಖನ ನಿಲ್ಲಿಸಿದ್ದರೆ ನಾನು ಒಳ್ಳೆಯವನಾಗಿಯೇ ಉಳಿಯುತ್ತಿದ್ದೆ. ಆದರೆ ಮೊಮ್ಮಗಳ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನೂ ಒಮ್ಮೆ ಕಟಕಟೆ ಹತ್ತಿದವನು.

ಮೂವತ್ತು ವರ್ಷಗಳ ಹಿಂದಿನ ಮಾತು. ಕಡಬ ಆಗ ಪುತ್ತೂರು ತಾಲ್ಲೂಕಿನ ಭಾಗ. ಬಯಲುಸೀಮೆಯಿಂದ ವರ್ಗವಾಗಿ ಬಂದಿದ್ದ ನನಗೆ ಈ ಕಡೆಯ ಮಳೆ, ಹೊಳೆ, ಅಡಿಕೆ ತೋಟದ ನಡುವಿನ ಸಂಕ ಎಲ್ಲವೂ ಹೊಸತು. ಕುಮಾರಧಾರೆಗೆ ಸೇರುವ ಹಳ್ಳವೊಂದಕ್ಕೆ ಸಣ್ಣ ಸೇತುವೆ ಕಟ್ಟುವ ಕೆಲಸ ನನ್ನ ಮೇಲ್ವಿಚಾರಣೆಯಲ್ಲಿತ್ತು. ಒಂದು ಬೆಳಗ್ಗೆ ಎಣಿಸಿದರೆ 25 ಮಿಲಿಮೀಟರಿನ ಇಪ್ಪತ್ತು ಕಬ್ಬಿಣದ ಸರಳುಗಳಿಲ್ಲ. ರಾತ್ರಿ ಕಾವಲಿಗಿದ್ದವನು ಪಕ್ಕದ ದಲಿತ ಕಾಲೋನಿಯ ಒಬ್ಬ ಆಳು. ಗುತ್ತಿಗೆದಾರರು, "ಬೇರೆ ಯಾರು ಸಾರ್, ಇವನೇ" ಅಂದರು. ಅವರು ಅದನ್ನು ಹೇಳಿದ್ದು ನನ್ನೆದುರು ಕುರ್ಚಿಯಲ್ಲಿ ಕೂತು, ಚಹಾ ಕುಡಿಯುತ್ತಾ. ಆ ಆಳು ಶೆಡ್ಡಿನ ಹೊರಗೆ ಮಳೆಯಲ್ಲಿ ನಿಂತಿದ್ದ. ಒಳಗೆ ಬಾ ಎಂದು ನಾನೂ ಕರೆಯಲಿಲ್ಲ. ದೂರಿಗೆ ನಾನೇ ಸಹಿ ಹಾಕಿದೆ. ಅವನು ಹತ್ತೊಂಬತ್ತು ದಿನ ಸೆರೆಯಲ್ಲಿದ್ದು ಜಾಮೀನಿನ ಮೇಲೆ ಬಂದ.

ಓದುಗರಲ್ಲಿ ಎಂಜಿನಿಯರುಗಳಿದ್ದರೆ ಈಗಾಗಲೇ ಲೆಕ್ಕ ಹಾಕಿರುತ್ತಾರೆ. 25 ಮಿಲಿಮೀಟರಿನ ಸರಳು ಮೀಟರಿಗೆ 3.85 ಕಿಲೋ ತೂಗುತ್ತದೆ. ಹನ್ನೆರಡು ಮೀಟರ್ ಉದ್ದದ ಒಂದು ಸರಳಿಗೆ 46 ಕಿಲೋ. ಇಪ್ಪತ್ತಕ್ಕೆ ಒಂಬತ್ತು ಕ್ವಿಂಟಲಿಗೂ ಮಿಕ್ಕಿ. ಒಬ್ಬ ಬಡಕಲು ಮನುಷ್ಯ ಇದನ್ನು ಒಂದು ಮಳೆಯ ರಾತ್ರಿಯಲ್ಲಿ ಅಡಿಕೆ ಮರದ ಸಂಕ ದಾಟಿಸಿ ಹೊತ್ತೊಯ್ಯುವುದು ಸಾಧ್ಯವಿಲ್ಲ. ಅದಕ್ಕೆ ಲಾರಿ ಬೇಕು, ನಾಲ್ಕಾಳು ಬೇಕು. ಆ ಕೋಷ್ಟಕ ನನಗೆ ಬಾಯಿಪಾಠ, ದಿನವೂ ಅಳತೆ ಪುಸ್ತಕದಲ್ಲಿ ಬರೆಯುತ್ತಿದ್ದದ್ದೇ ಅದು. ಆದರೆ ಆ ದಿನ ನನ್ನ ತಲೆ ಆ ಲೆಕ್ಕ ಮಾಡಲೇ ಇಲ್ಲ. ಕಾವಲಿನವನು ಮೇಲುಜಾತಿಯವನಾಗಿದ್ದರೆ ಮಾಡುತ್ತಿತ್ತು ಎಂದು ಇಂದು ನನಗೆ ಖಚಿತವಾಗಿ ಅನಿಸುತ್ತದೆ.

ಎರಡು ವರ್ಷದ ಮೇಲೆ ಸಾಕ್ಷಿಗೆ ಕರೆ ಬಂತು. ಅಷ್ಟರಲ್ಲಿ ಲೆಕ್ಕ ನನ್ನ ತಲೆಗೆ ಹೊಳೆದಿತ್ತು. ಸರಳು ಎಷ್ಟಿತ್ತು, ಯಾವಾಗ ಎಣಿಸಿದಿರಿ, ಕಾವಲಿಗೆ ಯಾರಿದ್ದರು ಎಂದು ಸರ್ಕಾರಿ ವಕೀಲರು ಕೇಳಿದರು. ಹೇಳಿದೆ. ಆರೋಪಿಯ ವಕೀಲರು ಪಾಟೀಸವಾಲಿನಲ್ಲಿ ಎರಡೇ ಪ್ರಶ್ನೆ ಕೇಳಿ ಕೂತರು. ತೂಕ ಎಷ್ಟು ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಇಳಿದೆ. ಇಳಿಯುವಾಗ ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಸುಳ್ಳು ಹೇಳಿರಲಿಲ್ಲ. ಇಷ್ಟು ವರ್ಷ ನನ್ನನ್ನು ನಾನು ಸಂತೈಸಿಕೊಂಡದ್ದು ಆ ಒಂದು ಮಾತಿನಿಂದ.

ಮರುವರ್ಷ ದಾಸ್ತಾನು ತಾಳೆ ಹಾಕುವಾಗ, ಆ ಸರಳುಗಳು ಗುತ್ತಿಗೆದಾರರ ಬೇರೊಂದು ಕೆಲಸಕ್ಕೆ ಲಾರಿಯಲ್ಲಿ ಹೋದದ್ದು ಚೀಟಿ ಸಮೇತ ಸಿಕ್ಕಿತು. ಮೇಲಿನವರಿಗೆ ತಿಳಿಸಿದೆ. "ಕೇಸು ಹೇಗೂ ಬಿದ್ದುಹೋಗುತ್ತದೆ, ನೀವು ಯಾಕೆ ಕೆದಕುತ್ತೀರಿ?" ಎಂದರು. ನಾನು ಕೆದಕಲಿಲ್ಲ. ಕೇಸು ಬಿದ್ದುಹೋಯಿತು. ಸಾಕ್ಷ್ಯಾಧಾರದ ಕೊರತೆಯಿಂದ ಅವನ ಖುಲಾಸೆಯಾಯಿತು. ಆದರೆ ಊರಿನಲ್ಲಿ ಅವನು ‘ಕಬ್ಬಿಣ ಕದ್ದವನು’ ಆಗಿಯೇ ಉಳಿದ. ಯಾವ ತೋಟದಲ್ಲೂ ಕೆಲಸ ಸಿಗಲಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಸುಳ್ಯದ ಮೇಲೆ ಕೊಡಗಿನ ಕಡೆ ಹೋದ ಎಂದಷ್ಟೇ ಗೊತ್ತಾಯಿತು. ಈ ಸಲ ಆ ಕಾಲೋನಿಗೆ ಹೋಗಿ ವಿಚಾರಿಸಿದೆ. ಅವನ ಮನೆಯಿದ್ದ ಜಾಗದಲ್ಲಿ ರಬ್ಬರ್ ಗಿಡಗಳಿವೆ. ನಾನು ಕಟ್ಟಿದ ಸೇತುವೆ ಗಟ್ಟಿಯಾಗಿದೆ.

ಹಿಂದಿರುಗುವ ದಿನ ಪುತ್ತೂರಿನ ಬಾಲವನಕ್ಕೆ ಹೋಗಿದ್ದೆ. ಶಿವರಾಮ ಕಾರಂತರು ಬಾಳಿದ ನೆಲ ಅದು. 1933ರ ‘ಚೋಮನ ದುಡಿ’ಯಲ್ಲಿ ನ್ಯಾಯಾಲಯವಿಲ್ಲ, ವಕೀಲರಿಲ್ಲ. ಆದರೂ ವಿಚಾರಣೆಯಿದೆ. ಚೋಮ ಕೇಳುವುದು ಉಳಲು ಒಂದಿಷ್ಟು ನೆಲ. ಹೊಲೆಯನಿಗೆ ಬೇಸಾಯ ಸಲ್ಲದು ಎಂಬ ತೀರ್ಪು ಅವನು ಬಾಯಿ ತೆರೆಯುವ ಮೊದಲೇ ಆಗಿದೆ. ಅವನ ಮಗು ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನರಿದ್ದರು. ಮುಟ್ಟಿದರೆ ಮೈಲಿಗೆ ಎಂಬ ಕಟ್ಟಳೆ ಅವರನ್ನು ದಡದಲ್ಲೇ ನಿಲ್ಲಿಸಿತು. ನಾನು ಕಟಕಟೆಯಲ್ಲಿ ನಿಂತದ್ದೂ ಅಂಥ ಒಂದು ದಡದಲ್ಲಿಯೇ.

ಶರಣರ ಮಕ್ಕಳೆಂದು ಹೇಳಿಕೊಳ್ಳುವ ನಮಗೆ ಈ ಕಥೆ ಹೊಸತಲ್ಲ. ಹರಳಯ್ಯ, ಮಧುವರಸರ ಪ್ರಸಂಗವನ್ನು ನಾವು ಪ್ರತಿ ವರ್ಷ ವೇದಿಕೆಯಲ್ಲಿ ಹೇಳುತ್ತೇವೆ. ಪರಂಪರೆ ಹೇಳುವಂತೆ, ಎರಡು ಶರಣ ಕುಟುಂಬಗಳ ನಡುವೆ ಮದುವೆಯಾಯಿತು. ಇಬ್ಬರ ಕೊರಳಲ್ಲೂ ಇಷ್ಟಲಿಂಗವಿತ್ತು. ಬಿಜ್ಜಳನ ಆಸ್ಥಾನ ಅದನ್ನು ನೋಡಲಿಲ್ಲ. ಒಬ್ಬ ಸಮಗಾರ, ಇನ್ನೊಬ್ಬ ಬ್ರಾಹ್ಮಣ ಎಂಬ ಹುಟ್ಟನ್ನೇ ನೋಡಿ ಎಳೆಹೂಟೆಯ ಶಿಕ್ಷೆ ಕೊಟ್ಟಿತು. ಏನು ಮಾಡಿದ ಎಂದು ಕೇಳುವ ಬದಲು ಯಾರ ಮಗ ಎಂದು ಕೇಳಿದ ನ್ಯಾಯಾಸನ ಅದು. ಕಲ್ಯಾಣದಲ್ಲಿ ನಾವು ಆನೆಯ ಕಾಲಿಗೆ ಕಟ್ಟಿಸಿಕೊಂಡವರ ಕಡೆಯವರು. ಇಂದಿನ ಹಳ್ಳಿಗಳಲ್ಲಿ, ನಮ್ಮ ಸಂಖ್ಯೆ ಮತ್ತು ಜಮೀನು ದೊಡ್ಡದಿರುವಲ್ಲಿ, ನಾವು ಯಾರ ಕಡೆ? ಹರಳಯ್ಯನವರ ಭಾವಚಿತ್ರಕ್ಕೆ ಹಾರ ಹಾಕಿ, ಅದೇ ಓಣಿಯ ಸಮಗಾರನ ಪರವಾಗಿ ಠಾಣೆಗೆ ಹೋಗಲು ಹಿಂಜರಿದರೆ ಆ ಹಾರಕ್ಕೆ ಅರ್ಥವೇನು?

ಪೂಜ್ಯರಲ್ಲೂ ಒಂದು ವಿನಂತಿಯಿದೆ. ಹಳ್ಳಿಯಲ್ಲಿ ಇಂಥ ಪ್ರಕರಣ ನಡೆದಾಗ ಎರಡೂ ಕಡೆಯವರನ್ನು ಮಠಕ್ಕೆ ಕರೆಸಿ, ‘ಊರು ಒಂದಾಗಿರಲಿ’ ಎಂದು ರಾಜಿ ಮಾಡಿಸುವ ರೂಢಿಯಿದೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಗದ್ದೆ ಬದುವಿನ ತಕರಾರು ಬೇರೆ, ದೌರ್ಜನ್ಯ ಬೇರೆ. ಒಬ್ಬನ ಕೈಯಲ್ಲಿ ಊರಿನ ಕೆಲಸ, ನೀರು, ದಾರಿ ಎಲ್ಲವೂ ಇದ್ದು, ಇನ್ನೊಬ್ಬನ ಕೈ ಬರಿದಾಗಿದ್ದರೆ ಅವರ ನಡುವೆ ನಡೆಯುವ ರಾಜಿಯಲ್ಲಿ ಬಾಗುವವನು ಒಬ್ಬನೇ. ದೂರು ಹಿಂತೆಗೆಸುವ ಬದಲು, ದೂರು ಕೊಟ್ಟವನ ಮನೆಗೆ ಒಮ್ಮೆ ಹೋಗಿ ಕೂತು ಬಂದರೆ ಸಾಕು. ಸಾಕ್ಷಿಗಳಿಗೆ ಬರುವ ಧೈರ್ಯ ಯಾವ ಸರ್ಕಾರಿ ಆದೇಶದಿಂದಲೂ ಬಾರದು. 2016ರ ಜನವರಿ 26ರಿಂದ ಜಾರಿಯಲ್ಲಿರುವ ತಿದ್ದುಪಡಿ, ನೊಂದವರಿಗೂ ಸಾಕ್ಷಿಗಳಿಗೂ ರಕ್ಷಣೆ, ಪ್ರಯಾಣದ ಖರ್ಚು ಇತ್ಯಾದಿ ಹಕ್ಕುಗಳನ್ನು ಕೊಟ್ಟಿದೆ. ಇದನ್ನು ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಒಬ್ಬ ವಕೀಲರಿಂದ ಹೇಳಿಸಬಹುದಲ್ಲವೇ?

"ಈ ಕಾಯ್ದೆಯ ದುರ್ಬಳಕೆಯೂ ಆಗುತ್ತದಲ್ಲ" ಎಂದು ಕೆಲವರು ಕೇಳುತ್ತಾರೆ. ಸುಳ್ಳು ದೂರು ಯಾವ ಕಾಯ್ದೆಯಲ್ಲೂ ಬರಬಹುದು. ಟಾಮ್ ರಾಬಿನ್ಸನ್ ಸತ್ತದ್ದೂ ಸುಳ್ಳು ದೂರಿನಿಂದಲೇ. ಸುಳ್ಳು ದೂರಿಗೂ ನಿಜವಾದ ದೂರಿಗೂ ಬೇಕಾದದ್ದು ಒಂದೇ: ಕಂಡವನು ಕಂಡದ್ದನ್ನು ಪೂರ್ತಿ ಹೇಳುವುದು. ಯಾರ ಜಾತಿ ಯಾವುದೆಂದು ನೋಡಿ ಅರ್ಧ ನುಂಗಿಕೊಳ್ಳದಿರುವುದು.

ಬಸ್ಸು ಹತ್ತುವ ಮೊದಲು ಮೊಮ್ಮಗಳಿಗೆ ಉತ್ತರ ಕೊಟ್ಟೆ. "ಆ ಹನ್ನೆರಡು ಜನಕ್ಕೆ ಸತ್ಯ ಗೊತ್ತಿತ್ತಮ್ಮಾ. ನನಗೂ ಗೊತ್ತಿತ್ತು" ಎಂದು ಸರಳಿನ ಕಥೆ ಹೇಳಿದೆ. ಅವಳು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಜ್ಜ, ಇದನ್ನು ಬರೆಯಿರಿ" ಅಂದಳು. ಬರೆದಿದ್ದೇನೆ. ಅವನಿಗೆ ಇದು ತಲುಪಲಾರದು. ಆದರೆ ನಾಳೆ ನಿಮ್ಮಲ್ಲೊಬ್ಬರಿಗೆ ಸಾಕ್ಷಿಗೆ ಕರೆ ಬಂದೀತು. ಅಂದು ಯಾರೂ ಕೇಳದಿದ್ದರೂ ತೂಕವನ್ನು ಹೇಳಿಬಿಡಿ.