ಪೋಲೀಸರ ಮೇಲಣ ವಿಶ್ವಾಸವನ್ನು ಅಳೆಯುವುದೆಂತು?

ಅಕ್ಕಿಆಲೂರಿನ ಸಂತೆಯ ದಿನ ಪೋಲೀಸರೊಬ್ಬರು ಕೈಯೆತ್ತಿದರೆ ವಾಹನಗಳು ನಿಲ್ಲುತ್ತವೆ. ನಿಲ್ಲುವುದು ದಂಡದ ಭಯದಿಂದಲೋ, ನಿಲ್ಲಿಸುವ ಅಧಿಕಾರ ಅವರಿಗೆ ನ್ಯಾಯವಾಗಿಯೇ ಇದೆಯೆಂಬ ಒಪ್ಪಿಗೆಯಿಂದಲೋ? ಹೊರನೋಟಕ್ಕೆ ಎರಡೂ ಒಂದೇ. ಈ ಒಪ್ಪಿಗೆಯನ್ನೇ ಸಮಾಜಶಾಸ್ತ್ರಜ್ಞರು ಅಧಿಕಾರದ ನ್ಯಾಯಸಮ್ಮತತೆ ಎಂದು ಕರೆಯುತ್ತಾರೆ.

ಮನಸ್ಸಿನೊಳಗಿನ ಒಪ್ಪಿಗೆಯನ್ನು ಅಳೆಯಬಹುದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಉಷ್ಣತೆಯನ್ನೂ ನಾವು ಕಣ್ಣಾರೆ ಕಾಣೆವು. ಪಾದರಸದ ಏರಿಕೆಯಿಂದ ತಿಳಿಯುತ್ತೇವೆ. ಇಲ್ಲಿ ಪಾದರಸದ ಕೆಲಸವನ್ನು ಪ್ರಶ್ನೆಗಳು ಮಾಡುತ್ತವೆ. ಅಮೆರಿಕದ ಟಾಮ್ ಟೈಲರ್ 1984ರಲ್ಲಿ ಷಿಕಾಗೊ ನಗರದ 1575 ಜನರನ್ನು ದೂರವಾಣಿಯ ಮೂಲಕ ಪ್ರಶ್ನಿಸಿದರು. ಅವರಲ್ಲಿ 804 ಮಂದಿಯನ್ನು ಒಂದು ವರ್ಷದ ತರುವಾಯ ಮತ್ತೆ ವಿಚಾರಿಸಿದರು. ಆಜ್ಞೆಯನ್ನು ಪಾಲಿಸುವುದು ಕರ್ತವ್ಯವೆಂದು ಭಾವಿಸುವಿರಾ, ಪೋಲೀಸರಲ್ಲಿ ನಿಮಗೆ ಆದರವಿದೆಯೇ ಎಂಬ ಬಗೆಯ ಪ್ರಶ್ನೆಗಳ ಉತ್ತರಗಳಿಗೆ ಅಂಕಗಳನ್ನಿತ್ತರು. ಜನರು ಕಾನೂನಿಗೆ ತಲೆಬಾಗಲು ಶಿಕ್ಷೆಯ ಭಯಕ್ಕಿಂತ ನ್ಯಾಯವಾದ ನಡವಳಿಕೆಯೇ ಹೆಚ್ಚಿನ ಕಾರಣವೆಂದು 1990ರ ತಮ್ಮ ಗ್ರಂಥದಲ್ಲಿ ವಾದಿಸಿದರು.

ಆದರೆ ಕರ್ತವ್ಯವೆಂಬ ಉತ್ತರದಲ್ಲಿ ನಿರುಪಾಯವೂ ಅಡಗಿರಬಹುದಷ್ಟೆ. ಆದುದರಿಂದ 2012ರಲ್ಲಿ ಬಾಟಮ್ಸ್ ಮತ್ತು ಟ್ಯಾಂಕೆಬೆ ಎಂಬ ವಿದ್ವಾಂಸರು ಪಾಲನೆಯನ್ನು ನ್ಯಾಯಸಮ್ಮತತೆಯಿಂದ ಬೇರ್ಪಡಿಸಬೇಕೆಂದರು. ಕಾನೂನುಬದ್ಧತೆ, ನಡವಳಿಕೆಯ ನ್ಯಾಯ, ಎಲ್ಲರಿಗೂ ಸಮನಾದ ರಕ್ಷಣೆ, ಕಾರ್ಯದಕ್ಷತೆ ಇವು ನಾಲ್ಕನ್ನೂ ಅಳೆಯಬೇಕೆಂಬುದು ಅವರ ಮತ. ನಮ್ಮ ದೇಶದಲ್ಲಿಯೂ ಕಾಮನ್ ಕಾಸ್ ಮತ್ತು ಲೋಕನೀತಿ ಸಂಸ್ಥೆಗಳು 22 ರಾಜ್ಯಗಳಲ್ಲಿ ಸಮೀಕ್ಷೆ ನಡೆಸಿ, 2018ರ ವರದಿಯಲ್ಲಿ ಪೋಲೀಸರ ಮೇಲಣ ವಿಶ್ವಾಸವನ್ನೂ ಅವರ ಭಯವನ್ನೂ ಪರಿಶೀಲಿಸಿದುವು.

ಕರ್ನಾಟಕದಲ್ಲಿ 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಯೋಜನೆ ಆರಂಭವಾಯಿತು. ಉದ್ದೇಶ ಒಳ್ಳೆಯದೇ. ಆದರೆ ಭೇಟಿಯಿತ್ತ ಮನೆಗಳ ಸಂಖ್ಯೆ ವಿಶ್ವಾಸದ ಅಳತೆಯಾಗಲಾರದು. ಬಟ್ಟಲಿನ ಬಿಸಿನೀರಿನಲ್ಲಿ ದೊಡ್ಡದೊಂದು ತಣ್ಣನೆಯ ಉಷ್ಣಮಾಪಕವನ್ನಿಟ್ಟರೆ ಮಾಪಕವೇ ನೀರನ್ನು ತಣಿಸಿಬಿಡುತ್ತದೆ. ಖಾಕಿ ತೊಟ್ಟವರೇ ಬಾಗಿಲಲ್ಲಿ ನಿಂತು “ನಮ್ಮಲ್ಲಿ ನಂಬಿಕೆಯಿದೆಯೇ?” ಎಂದರೆ, ಹೌದೆನ್ನದೆ ಗತಿಯೇನು?

ಆದುದರಿಂದ ಕೇಳುವವರು ಇಲಾಖೆಯ ಹೊರಗಿನವರಾಗಿರಬೇಕು. ಉತ್ತರಿಸುವವರ ಹೆಸರು ಗುಪ್ತವಾಗಿರಬೇಕು. ಠಾಣೆಯ ಮೆಟ್ಟಿಲೇರಿದವರ ಉತ್ತರಗಳನ್ನೂ ಏರದವರ ಉತ್ತರಗಳನ್ನೂ ಬೇರೆಬೇರೆಯಾಗಿ ಎಣಿಸಬೇಕು. ಹೆಂಗಸರು, ಕೂಲಿಕಾರರು, ಬಡವರು ಬಿಟ್ಟುಹೋಗಬಾರದು. ಊರಿನ ಪ್ರಮುಖರಿಗೆ ದೊರೆಯುವ ಮರ್ಯಾದೆಯಿಂದ ಇಡೀ ಊರಿನ ಅನುಭವ ತಿಳಿಯದು. ಫಲಿತಾಂಶ ಕಹಿಯಾದರೂ ಪ್ರಕಟವಾಗಬೇಕು. ಭಯವನ್ನೇ ವಿಶ್ವಾಸವೆಂದು ಬರೆದುಕೊಳ್ಳುವ ಇಲಾಖೆಗೆ ತನ್ನ ದೋಷ ಎಂದಿಗೂ ಕಾಣದು. ದೂರು ಕೊಡಲು ಅಂಜಿ ಮನೆಯಲ್ಲೇ ಉಳಿದವರ ಕಷ್ಟವೂ ಕಾಣದು.