ಟಾಕಿಯ ತಳ ನೋಡುವವರು ಯಾರು?

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಗಲಗಲಿಯ ಸುತ್ತಮುತ್ತ ರಾತ್ರಿ ನಿದ್ದೆ ಕಡಿಮೆ. ಜೋಡಿ ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು ಹೋಗುತ್ತಲೇ ಇರುತ್ತವೆ. ಹಿರೇಪಡಸಲಗಿ, ಸಿದ್ದಾಪುರ, ಸಮೀರವಾಡಿ, ಬಾಡಗಂಡಿ, ಮುಧೋಳ, ಯಾವ ದಿಕ್ಕಿಗೆ ಹೊರಳಿದರೂ ಒಂದು ಸಕ್ಕರೆ ಕಾರ್ಖಾನೆ. ಚಹಾದಂಗಡಿಯ ಮುಂದೆ ಒಂದು ಪ್ರಶ್ನೆ ಹಲವು ಸಲ ನನ್ನ ಕಿವಿಗೆ ಬಿದ್ದಿದೆ: "ನಮ್ಮ ಕಬ್ಬಿನಾಗ ಪೆಟ್ರೋಲ್‌ಗೆ ಹಾಕೂದು ತೆಗೀತಾರಂತ. ಮತ್ತ ನಗರಸಭೆ ಕಸದ ಗಾಡಿಗೆ ಅದನ್ನ ಯಾಕ ಹಾಕಂಗಿಲ್ಲ?"

ಕೇಳುವವರ ತಪ್ಪಲ್ಲ. ಕಬ್ಬಿನಿಂದ ಬರುವುದು ಎಥೆನಾಲ್, ಅದು ಪೆಟ್ರೋಲಿನ ಗೆಳೆಯ. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯಂಥ ಊರುಗಳ ಓಣಿ ಸುತ್ತುವ ಕಸದ ಗಾಡಿ, ಟ್ರ್ಯಾಕ್ಟರ್, ನೀರಿನ ಟ್ಯಾಂಕರ್, ಜೆಸಿಬಿ, ಗಟಾರ ತೆಗೆಯುವ ಜೆಟ್ಟಿಂಗ್ ಮಷಿನ್ ಇವೆಲ್ಲ ಬಹುತೇಕ ಡೀಸೆಲ್ ಕುಡಿಯುವಂಥವು. ಡೀಸೆಲ್ಲಿನ ಜೊತೆ ಹೊಂದಿಕೊಳ್ಳುವುದು ಎಣ್ಣೆಯಿಂದ ಮಾಡಿದ ಬಯೋಡೀಸೆಲ್. ಹೊಂಗೆ, ಬೇವು, ಕರಿದುಳಿದ ಎಣ್ಣೆ ಯಾವುದಾದರೂ ಸರಿ, ಅದಕ್ಕೆ ಮೆಥೆನಾಲ್ ಮತ್ತು ಸ್ವಲ್ಪ ಕಾಸ್ಟಿಕ್ ಸೇರಿಸಿ ಕಾಯಿಸಿದರೆ ಮೇಲೆ ಬಯೋಡೀಸೆಲ್ ನಿಲ್ಲುತ್ತದೆ, ಕೆಳಗೆ ಗ್ಲಿಸರಿನ್ ಇಳಿಯುತ್ತದೆ. ಎಣ್ಣೆಯಲ್ಲಿ ನೀರಿನಂಶ ಇದ್ದರೆ ಬಯೋಡೀಸೆಲ್ ಬದಲು ಸಾಬೂನು ಸಿಗುತ್ತದೆ. ಮೆಥೆನಾಲ್ ವಿಷ, ಬೇಗ ಬೆಂಕಿ ಹಿಡಿಯುವಂಥದ್ದು. ಹಾಗಾಗಿ "ನಗರಸಭೆಯ ಹಿತ್ತಲಲ್ಲೇ ತಯಾರಿಸೋಣ" ಎನ್ನುವ ಉತ್ಸಾಹಿಗಳಿಗೆ ಇಲ್ಲಿಯೇ ಕೈಮುಗಿಯುತ್ತೇನೆ. ಕೊಳ್ಳುವ ಮಾತು ಬೇರೆ, ಕೊಂಡು ಇಟ್ಟುಕೊಳ್ಳುವ ಮಾತು ಬೇರೆ. ಊರಿನ ಆಡಳಿತ ಬಯೋಡೀಸೆಲ್ ಕೊಳ್ಳಬೇಕು, ಆದರೆ ಅದಕ್ಕೆ ಸ್ವಂತ ಟಾಕಿ ಕಟ್ಟಬಾರದು ಎಂಬುದು ನನ್ನ ಅಭಿಪ್ರಾಯ.

ಎಣ್ಣೆಯಿಂದ ಎಂಜಿನ್ ಓಡಿಸುವುದು ಹೊಸ ಹುಚ್ಚೇನಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯ ಮೇಲೆ ಓಡಿತ್ತು, ಅದನ್ನು ರುಡಾಲ್ಫ್ ಡೀಸೆಲ್ ಅವರೇ ಆಮೇಲೆ ನೆನೆದಿದ್ದಾರೆ. ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ತುಮಕೂರು ಸೀಮೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ಬೋರಿನ ನೀರು ಎತ್ತಿಸಿದರು. ಆಮೇಲೆ ರಾಜ್ಯ ಜೈವಿಕ ಇಂಧನ ಅಭಿವೃದ್ಧಿ ಮಂಡಳಿ ಬಂತು, 2009ರಲ್ಲಿ ರಾಜ್ಯದ್ದೇ ಒಂದು ನೀತಿ ಬಂತು, ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಬಂತು. ಕೆಎಸ್ಆರ್‌ಟಿಸಿ ಮೊದಲು ಡೀಸೆಲ್ಲಿಗೆ ಶೇ. 7.7 ಎಥೆನಾಲ್ ಬೆರೆಸಿ, ನಂತರ ಶೇ. 20 ಬಯೋಡೀಸೆಲ್ ಬೆರೆಸಿ ಬಸ್ಸು ಓಡಿಸಿತು. ಇಷ್ಟೆಲ್ಲ ಆದರೂ ರಾಜ್ಯದ ಬಸ್ಸುಗಳು ಇವತ್ತಿಗೂ ಮುಖ್ಯವಾಗಿ ನಂಬಿರುವುದು ಡೀಸೆಲ್ಲನ್ನೇ. 2018ರ ರಾಷ್ಟ್ರೀಯ ನೀತಿ ಡೀಸೆಲ್ಲಿನಲ್ಲಿ ಶೇ. 5 ಬಯೋಡೀಸೆಲ್ ಬೆರೆಸುವ ಗುರಿಯನ್ನು 2030ಕ್ಕೆ ಇಟ್ಟಿತು. ಪೆಟ್ರೋಲಿನಲ್ಲಿ ಎಥೆನಾಲ್ ಶೇ. 20 ಮುಟ್ಟಿದೆ, ಡೀಸೆಲ್ಲಿನಲ್ಲಿ ಬಯೋಡೀಸೆಲ್ ಇನ್ನೂ ಶೇ. 1 ಕೂಡ ದಾಟಿಲ್ಲ.

ಎಥೆನಾಲಿಗೆ ಕಾರ್ಖಾನೆಯಿದೆ, ಕಬ್ಬಿದೆ, ಗಟ್ಟಿಯಾದ ಖರೀದಿ ದರವಿದೆ. ಬಯೋಡೀಸೆಲ್ಲಿಗೆ ಈ ಮೂರೂ ಒಟ್ಟಿಗೆ ಕೂಡಿಬರಲಿಲ್ಲ. 2006ರ ಜನವರಿಯಿಂದ ತೈಲ ಕಂಪನಿಗಳು ಲೀಟರಿಗೆ 25 ರೂಪಾಯಿಯಂತೆ ಬಯೋಡೀಸೆಲ್ ಕೊಳ್ಳುವುದೆಂದು ಕೇಂದ್ರ ಸರಕಾರ ಗೊತ್ತುಮಾಡಿತು. ತಯಾರಿಕೆಯ ಖರ್ಚು ಅದಕ್ಕಿಂತ ಹೆಚ್ಚಿತ್ತು. ಖರೀದಿ ಕೇಂದ್ರಗಳು ಬಾಗಿಲು ತೆರೆದು ಕೂತವು, ಮಾಲು ಬರಲಿಲ್ಲ. ಊರಿನ ಆಡಳಿತ ಟೆಂಡರ್ ಕರೆಯುವ ಮುನ್ನ ಈ ಕತೆಯನ್ನೊಮ್ಮೆ ಓದಿಕೊಂಡರೆ ಒಳ್ಳೆಯದು. ಸರಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್ ಕರೆದರೆ ಸಾಮಾನ್ಯವಾಗಿ ಗೆಲ್ಲುವುದು ಕಡಿಮೆ ದರದವನು. ಇಂಧನದಲ್ಲಿ ಕಡಿಮೆ ದರಕ್ಕೆ ಹೆಚ್ಚಾಗಿ ಒಂದು ಕಾರಣ ಇರುತ್ತದೆ.

ನನಗೆ ಗೊತ್ತಿರುವ ಒಬ್ಬ ರೈತರು ಮೂರು ವರ್ಷದ ಕೆಳಗೆ ಡೀಸೆಲ್ಲಿಗಿಂತ ಅಗ್ಗವೆಂದು ಎರಡು ಬ್ಯಾರಲ್ "ಬಯೋಡೀಸೆಲ್" ಹಾಕಿಸಿಕೊಂಡರು. ಒಂದು ಬ್ಯಾರಲ್ ಟ್ರ್ಯಾಕ್ಟರಿಗೆ ಹೋಯಿತು. ಇನ್ನೊಂದು ತೋಟದ ಮನೆಯ ತಗಡಿನ ಶೆಡ್ಡಿನಲ್ಲಿ ಬೇಸಿಗೆಯಿಡೀ ನಿಂತಿತು. ಜೂನ್ ತಿಂಗಳಲ್ಲಿ ಟ್ರ್ಯಾಕ್ಟರ್ ಎಳೆಯದಾಯಿತು. ಮಿಸ್ತ್ರಿ ಬಂದು ಫಿಲ್ಟರ್ ಕೆಳಗಿನ ಬಟ್ಟಲು ಬಿಚ್ಚಿದಾಗ ನಾನೂ ಅಲ್ಲಿದ್ದೆ. ಒಳಗೆ ಹಳೇ ತುಪ್ಪದ ಗಸಿಯಂಥ ಕಂದು ಅಂಟು, ಅದರ ಕೆಳಗೆ ಒಂದು ಬೆರಳಷ್ಟು ನೀರು. ಶೆಡ್ಡಿನ ಬ್ಯಾರಲ್ಲನ್ನು ಓರೆ ಮಾಡಿ ತಳದ್ದನ್ನು ಗಾಜಿನ ಬಾಟಲಿಗೆ ಬಸಿದರೆ ಅದರಲ್ಲೂ ಅದೇ, ಜೊತೆಗೆ ಪಾಚಿಯಂಥ ಕಪ್ಪು ಎಳೆಗಳು. ಮಾರಿದವನ ಬಿಲ್ಲಿನ ಮೇಲೆ ಹೆಸರು ಚೆನ್ನಾಗಿ ಅಚ್ಚಾಗಿತ್ತು, ಪರೀಕ್ಷೆಯ ಚೀಟಿ ಮಾತ್ರ ಇರಲಿಲ್ಲ. ಅದು ಬಯೋಡೀಸೆಲ್ಲೋ, ಕಾರ್ಖಾನೆಯ ಬೇರೆ ಯಾವುದೋ ಎಣ್ಣೆಯೋ, ದೇವರೇ ಬಲ್ಲ. ನಮ್ಮ ಭಾಷೆಯಲ್ಲಿ ಬೆರಕೆ ಮತ್ತು ಕಲಬೆರಕೆಯ ನಡುವೆ ಎರಡೇ ಅಕ್ಷರದ ಅಂತರ, ಇಂಧನದ ವ್ಯಾಪಾರದಲ್ಲಿ ಅಷ್ಟೂ ಇಲ್ಲ.

ಆದರೆ ಆ ಬ್ಯಾರಲ್ಲಿನ ದೋಷವನ್ನೆಲ್ಲ ಮಾರಿದವನ ತಲೆಗೆ ಕಟ್ಟಲಾರೆ. ಒಳ್ಳೆಯ ಬಯೋಡೀಸೆಲ್ ಕೂಡ ನಿಂತಲ್ಲಿ ಕೆಡುತ್ತದೆ. ಅದು ಗಾಳಿಯಲ್ಲಿರುವ ತೇವವನ್ನು ಡೀಸೆಲ್ಲಿಗಿಂತ ಹೆಚ್ಚು ಹೀರುತ್ತದೆ. ಹಗಲು ಕಾದು ರಾತ್ರಿ ತಣಿಯುವ ಅರ್ಧ ಖಾಲಿ ಬ್ಯಾರಲ್ಲಿನ ಒಳಗೋಡೆಯಲ್ಲಿ ಬೆವರಿದಂತೆ ಹನಿ ಕಟ್ಟುತ್ತದೆ, ಹನಿ ತಳಕ್ಕಿಳಿಯುತ್ತದೆ, ನೀರು ಮತ್ತು ಎಣ್ಣೆ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿ ಬೆಳೆಯುತ್ತದೆ. ತಾಮ್ರ, ಹಿತ್ತಾಳೆ, ಸತುವು ತಗುಲಿದರೆ ಬೇಗ ಹುಳಿಯುತ್ತದೆ. ಬಹಳಷ್ಟು ರಬ್ಬರು ಪೈಪುಗಳನ್ನು ಮೆತ್ತಗೆ ಮಾಡುತ್ತದೆ. ವಿಚಿತ್ರವೆಂದರೆ ಅದು ಒಳ್ಳೆಯ ತೊಳೆಯುವ ದ್ರವವೂ ಹೌದು: ಹತ್ತು ವರ್ಷ ಡೀಸೆಲ್ ತುಂಬಿದ ಟಾಕಿಗೆ ಹಾಕಿದರೆ ಗೋಡೆಗೆ ಹತ್ತಿದ ಕೊಳೆಯನ್ನೆಲ್ಲ ಬಿಡಿಸಿ ಫಿಲ್ಟರಿಗೆ ತಂದು ಕೂಡಿಸುತ್ತದೆ. ಆರು ತಿಂಗಳೊಳಗೆ ಬಳಸಿ ಮುಗಿಸಬೇಕೆಂದು ತಿಳಿದವರು ಹೇಳುವುದು ಸುಮ್ಮನಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ನಾನಾದರೆ ಒಂದು ತಿಂಗಳು ಎನ್ನುತ್ತೇನೆ.

ಇದು ಬರೀ ಬಡ ಊರಿನ ಕಷ್ಟವೂ ಅಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರ 2003ರಲ್ಲಿ ತನ್ನ ಗಾಡಿಗಳಿಗೆ ಶುದ್ಧ ಬಯೋಡೀಸೆಲ್ಲನ್ನೇ ಹಾಕಿ ಸುದ್ದಿಯಾಯಿತು, ಕೆಲವೇ ವರ್ಷಗಳಲ್ಲಿ ಎಂಜಿನ್ನಿನ ತಾಪತ್ರಯ ತಾಳದೆ ಶೇ. 20ರ ಬೆರಕೆಗೆ ಇಳಿಯಿತು.

ನಮ್ಮ ನಗರಸಭೆಗಳಲ್ಲಿ ಟಾಕಿ ಕಟ್ಟುವುದಕ್ಕೆ ದುಡ್ಡು ಬರುತ್ತದೆ. ಉದ್ಘಾಟನೆಯೂ ಆಗುತ್ತದೆ, ಕಲ್ಲಿನ ಮೇಲೆ ಹೆಸರೂ ಕೆತ್ತುತ್ತಾರೆ. ಆದರೆ ವಾರಕ್ಕೊಮ್ಮೆ ತಳದ ನೀರು ಬಸಿದು ನೋಟ್‌ಬುಕ್ಕಿನಲ್ಲಿ ಬರೆದಿಡುವ ನೌಕರನ ಹುದ್ದೆ ಯಾವ ಯೋಜನೆಯಲ್ಲೂ ಇರುವುದಿಲ್ಲ. ನೀರಿನ ಟಾಕಿಯನ್ನೇ ಸರಿಯಾಗಿ ತೊಳೆಯದವರು ಎಣ್ಣೆಯ ಟಾಕಿಯನ್ನು ತೊಳೆಯುತ್ತಾರೆಂದು ನಂಬುವುದು ಕಷ್ಟ. ನದಿಯ ಲೆಕ್ಕವನ್ನೂ ಇಲ್ಲಿ ಹಿಡಿಯಬೇಕು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಮತ್ತು ಘಟಪ್ರಭೆ ಎಲ್ಲೆಲ್ಲಿ ನುಗ್ಗಿದವೆಂಬುದು ಜಮಖಂಡಿ, ಮುಧೋಳ ತಾಲ್ಲೂಕಿನವರಿಗೆ ಹೇಳಬೇಕಿಲ್ಲ. ತಗ್ಗಿನಲ್ಲಿ ಹೂತ ಟಾಕಿಗೆ ನೀರು ನುಗ್ಗಿದರೆ ಒಳಗಿನದ್ದು ಹಾಳು, ಹೊರಬಂದರೆ ಹೊಲ ಹಾಳು.

ಕೂಡಿಡುವುದರಲ್ಲಿ ಇನ್ನೊಂದು ಅಪಾಯ ದರದ್ದು. 2013ರ ಜನವರಿಯಲ್ಲಿ ಸಗಟು ಡೀಸೆಲ್ಲಿಗೆ ಬೇರೆಯೇ ಆದ ಹೆಚ್ಚಿನ ದರ ಬಂದಾಗ ಸ್ವಂತ ಟಾಕಿಯುಳ್ಳ ಸಾರಿಗೆ ಸಂಸ್ಥೆಗಳು ತಮ್ಮ ಟಾಕಿ ಬಿಟ್ಟು ರಸ್ತೆ ಬದಿಯ ಬಂಕಿನಲ್ಲಿ ಸಾಲು ನಿಲ್ಲಬೇಕಾಯಿತು. 2022ರ ಮಾರ್ಚಿನಲ್ಲಿ ಸಗಟು ದರ ಲೀಟರಿಗೆ ಸುಮಾರು 25 ರೂಪಾಯಿ ಜಿಗಿದಾಗ ಮತ್ತೆ ಅದೇ ಪಾಡು. ಅಷ್ಟು ದೊಡ್ಡ ಸಂಸ್ಥೆಗಳಿಗೇ ಹೀಗಾದರೆ ಹತ್ತಿಪ್ಪತ್ತು ಗಾಡಿಯ ನಗರಸಭೆಯ ಗತಿಯೇನು?

ಹಾಗಾದರೆ ಕೈಬಿಡೋಣವೆ? ಇಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಒಂದು ಊರಿನ ಗಾಡಿಗಳು ದಿನಕ್ಕೆ 200 ಲೀಟರ್ ಸುಡುತ್ತವೆ ಎನ್ನಿ. ಶೇ. 20ರ ಬೆರಕೆಗೆ ಬೇಕಾದದ್ದು ದಿನಕ್ಕೆ 40 ಲೀಟರ್ ಬಯೋಡೀಸೆಲ್, ಮೈಲೇಜಿನಲ್ಲಿ ಶೇ. 1-2ರಷ್ಟು ಇಳಿಯಬಹುದು, ಅಷ್ಟೇ. ಇದನ್ನು ಹೊಂಗೆಯಿಂದಲೇ ಹೊಂದಿಸಬೇಕೆಂದರೆ ವರ್ಷಕ್ಕೆ 50 ಟನ್ನಿಗೂ ಮಿಕ್ಕಿ ಬೀಜ ಬೇಕು. ಒಂದು ಮರಕ್ಕೆ ಹತ್ತು ಕಿಲೋ ಹಿಡಿದರೂ ಐದು ಸಾವಿರ ಮರ. ಹಾದಿಬದಿಯ ಹೊಂಗೆಯನ್ನು ರಸ್ತೆ ಅಗಲ ಮಾಡುವಾಗ ಕಡಿದವರು ನಾವೇ, ಉರಿಬಿಸಿಲಲ್ಲಿ ಕಾಯಿ ಆರಿಸುವವರಿಗೆ ಕೂಲಿ ಗಿಟ್ಟುವುದೂ ಕಷ್ಟ. ಅದೇ 40 ಲೀಟರನ್ನು ಕರಿದ ಎಣ್ಣೆಯಿಂದ ಹುಡುಕಿ. ಸಂಜೆ ಐದಕ್ಕೆ ಬಸ್‌ಸ್ಟ್ಯಾಂಡಿನ ಎದುರು ನಿಂತರೆ ಸಾಕು, ಮಿರ್ಚಿ ಭಜಿ ಬಾಣಲೆಗಳ ಸಾಲು ಕಾಣುತ್ತದೆ. ದಿನಕ್ಕೆ ಒಂದು ಲೀಟರ್ ಕಪ್ಪೆಣ್ಣೆ ಕೊಡಬಲ್ಲ ನಲವತ್ತು ಅಂಗಡಿ, ಖಾನಾವಳಿ, ಬೇಕರಿ ಈ ಊರುಗಳಲ್ಲಿ ಸಿಗುವುದಿಲ್ಲವೆ?

ಕಾನೂನೂ ಇದರ ಪರವಾಗಿಯೇ ಇದೆ. 2018ರ ಜುಲೈನಿಂದ ಕರಿದ ಎಣ್ಣೆಯಲ್ಲಿ ಪೋಲಾರ್ ಅಂಶ (ಪದೇಪದೇ ಕಾಯಿಸಿದಾಗ ಹುಟ್ಟುವ ಕೆಟ್ಟ ವಸ್ತುಗಳು) ಶೇ. 25 ದಾಟಿದರೆ ಅದನ್ನು ಮತ್ತೆ ಅಡುಗೆಗೆ ಬಳಸುವಂತಿಲ್ಲ. ಅಂಥ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡಿಸುವ ಕಾರ್ಯಕ್ರಮವನ್ನು ಆಹಾರ ಸುರಕ್ಷತಾ ಪ್ರಾಧಿಕಾರವೇ ಅದೇ ವರ್ಷ ಶುರುಮಾಡಿತು. ಆದರೆ ನಮ್ಮ ಊರುಗಳಲ್ಲಿ ಈಗ ಆ ಎಣ್ಣೆ ಹೋಗುವುದು ಎರಡೇ ಕಡೆ: ಮರುದಿನದ ಬಾಣಲೆಗೆ, ಇಲ್ಲವೇ ಗಟಾರಕ್ಕೆ. ಬಾಣಲೆಗೆ ಹೋದದ್ದು ನಮ್ಮ ಹೊಟ್ಟೆಗೆ, ಗಟಾರಕ್ಕೆ ಹೋದದ್ದು ಅದೇ ಜೆಟ್ಟಿಂಗ್ ಮಷಿನ್ ಕರೆಸುವ ಕೆಲಸಕ್ಕೆ. ನಗರಸಭೆಗೆ ಬಯೋಡೀಸೆಲ್ಲಿನಿಂದ ಇಂಧನದ ಉಳಿತಾಯ ಸಿಗದಿದ್ದರೂ ಗಟಾರದ ಉಳಿತಾಯವಂತೂ ಸಿಗುತ್ತದೆ, ಟೆಂಡರಿನ ಲೆಕ್ಕದಲ್ಲಿ ಅದನ್ನು ಯಾರೂ ಹಿಡಿಯುವುದಿಲ್ಲ.

ಕಸದ ಗಾಡಿಗಳು ನಾಳೆ ಬ್ಯಾಟರಿಗೆ ಹೊರಳುತ್ತವೆ, ಇದೆಲ್ಲ ಯಾಕೆ ಎನ್ನುವವರಿದ್ದಾರೆ. ಹೊರಳಲಿ. ಟ್ರ್ಯಾಕ್ಟರು, ಜೆಸಿಬಿ, ಟ್ಯಾಂಕರುಗಳು ಅಷ್ಟು ಬೇಗ ಹೊರಳುವುದಿಲ್ಲ, ಭಜಿ ಕರಿಯುವುದೂ ನಿಲ್ಲುವುದಿಲ್ಲ.

ಇನ್ನು ಟಾಕಿ. ಜಮಖಂಡಿಯಲ್ಲಿ, ಮುಧೋಳದಲ್ಲಿ, ಬೀಳಗಿಯಲ್ಲಿ ವಾಯವ್ಯ ಸಾರಿಗೆಯ ಬಸ್ ಡಿಪೊಗಳಿವೆ. ಅಲ್ಲಿ ಡೀಸೆಲ್ ಇಡುವ ವ್ಯವಸ್ಥೆ, ಅಳತೆ, ಅದನ್ನು ದಿನವೂ ನೋಡುವ ಕಣ್ಣು ಮೊದಲೇ ಇವೆ. ಮುಖ್ಯವಾಗಿ ಅಲ್ಲಿ ಇಂಧನ ನಿಲ್ಲುವುದಿಲ್ಲ, ಬಂದದ್ದು ಬೇಗ ಕರಗುತ್ತದೆ, ಹುಳಿಯಲು ಪುರುಸೊತ್ತೇ ಇಲ್ಲ. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ಮೂರು ನಗರಸಭೆ, ಬೀಳಗಿಯ ಪಟ್ಟಣ ಪಂಚಾಯಿತಿ ಒಟ್ಟಾಗಿ ಡಿಪೊದವರ ಜೊತೆ ಒಪ್ಪಂದ ಮಾಡಿಕೊಂಡು ಬೆರಕೆಯ ಡೀಸೆಲ್ಲನ್ನು ಅಲ್ಲಿಂದಲೇ ತುಂಬಿಸಿಕೊಳ್ಳಬಹುದು. ಐಎಸ್ 15607 ಮಾನದಂಡದ ಪರೀಕ್ಷಾ ಚೀಟಿ ಇಲ್ಲದ ಒಂದು ಹನಿಯೂ ಒಳಗೆ ಬರಬಾರದು. ಬಂದ ಪ್ರತಿ ಟ್ಯಾಂಕರಿನಿಂದ ಒಂದು ಬಾಟಲಿ ಮಾದರಿ ತೆಗೆದು, ಸಹಿ ಹಾಕಿ, ಮೂರು ತಿಂಗಳು ಕಪಾಟಿನಲ್ಲಿಡಬೇಕು. ಮೊದಲ ವರ್ಷ ಶೇ. 7ಕ್ಕಿಂತ ಹೆಚ್ಚು ಬೆರಕೆ ಬೇಡ, ನಮ್ಮ ಡೀಸೆಲ್ ಮಾನದಂಡವೇ ಅಷ್ಟಕ್ಕೆ ಅವಕಾಶ ಕೊಟ್ಟಿದೆ. ಶೇ. 20ಕ್ಕೆ ಏರುವ ಮುನ್ನ ಗಾಡಿ ತಯಾರಿಸಿದ ಕಂಪನಿಯ ಒಪ್ಪಿಗೆ ಪತ್ರ ಕೈಯಲ್ಲಿರಲಿ.

ನಗರಸಭೆಯ ಸದಸ್ಯರಲ್ಲಿ ನನ್ನದೊಂದು ವಿನಂತಿ. ಮುಂದಿನ ಸಾಮಾನ್ಯ ಸಭೆಯಲ್ಲಿ ಟಾಕಿಯ ಅಂದಾಜು ಪಟ್ಟಿ ಮಂಡಿಸುವ ಮೊದಲು ಊರಿನ ಭಜಿ ಅಂಗಡಿಗಳ ಪಟ್ಟಿ ತರಿಸಿ, ಒಂದೊಂದಕ್ಕೆ ಐದು ಲೀಟರಿನ ಒಂದು ಕ್ಯಾನು ಕೊಡಿಸಿ, ತಿಂಗಳ ಕೊನೆಗೆ ಎಷ್ಟು ಸಲ ತುಂಬಿತೆಂದು ನೋಡಿ. ಕ್ಯಾನು ತುಂಬದ ಊರಿಗೆ ಟಾಕಿ ಬೇಡ.